ಮೂರು ವಾರದ ದ್ರಾಕ್ಷಾರಸ

ಸಭೆಯೊಳಗೆ ನಡೆದದ್ದನ್ನು ಹೊರಗೆ ಹೇಳುವುದು ಸರಿಯೋ ತಪ್ಪೋ ತಿಳಿಯದು. ಇದನ್ನು ಹೇಳಲು ತಕ್ಕವರು ಬೇರೆ ಇದ್ದರು, ಅವರು ಹೇಳದೆಯೇ ಹೋದರು. ಎಲ್ಲಾದರೂ ತಪ್ಪಿದ್ದರೆ ಬಲ್ಲವರು ಮನ್ನಿಸಬೇಕು.

ಲಕ್ಕಣ್ಣ ಪಾನಪಾತ್ರೆಯನ್ನು ತುಟಿಯ ಹತ್ತಿರ ತಂದವನು ಅಲ್ಲೇ ತಡೆದ. ಮೂಗಿನ ಹೊಳ್ಳೆ ಒಮ್ಮೆ ಅರಳಿತು. ಮೊಣಕಾಲೂರಿದ್ದ ಹಾಗೆಯೇ ಪಾತ್ರೆಯನ್ನು ಎರಡೂ ಕೈಯಿಂದ ಪಾದ್ರಿ ಅಯ್ಯನವರಿಗೆ ಹಿಂದಕ್ಕೆ ಕೊಟ್ಟ.

"ಯಾಕಪ್ಪಾ?" ಅಯ್ಯನವರು ಮೆಲ್ಲಗೆ ಕೇಳಿದರು.

"ರೊಟ್ಟಿ ತಗೊಂಡಿದೀನಿ ಅಯ್ಯ. ಇದೊಂದು ಇವತ್ತು ಬ್ಯಾಡ ಬಿಡಿ."

ಕಡೂರಿನ ಆ ಪುಟ್ಟ ಕ್ರೈಸ್ತ ದೇವಾಲಯಕ್ಕೆ ಸೇರಿದವರು ಹದಿನಾಲ್ಕು ಮನೆಯವರು. ಎಲ್ಲರೂ ನೋಡಿದರು. ಎಲ್ಲರಿಗಿಂತ ಚೆನ್ನಾಗಿ ನೋಡಿದವರು ಸಭಾ ಹಿರಿಯರಾದ ಸಮಾಧಾನಪ್ಪ. ಬಸ್ ಸ್ಟ್ಯಾಂಡಿನ ಹಿಂದೆ ಟೈಲರ್ ಅಂಗಡಿ ಇಟ್ಟುಕೊಂಡಿದ್ದ ಅವರು ಅಂಗಿಯ ಅಳತೆಯಲ್ಲಿ ಹೇಗೋ ನಡತೆಯ ಅಳತೆಯಲ್ಲೂ ಹಾಗೆ, ಕಾಲಿಂಚು ಬಿಟ್ಟುಕೊಡುವವರಲ್ಲ.

ಎಪ್ಪತ್ತೇಳರ ಕ್ರಿಸ್ಮಸ್ ಆರಾಧನೆಗೆ ಲಕ್ಕಣ್ಣ ಕುಡಿದು ಬಂದು ಹಾರ್ಮೋನಿಯಂ ಮೇಲೆ ಬಿದ್ದಿದ್ದ. ಶಿವನಿಯಲ್ಲಿ ರೈಲ್ವೆ ಗ್ಯಾಂಗ್‌ಮನ್ ಕೆಲಸ ಅವನದು. ಸಮಾಧಾನಪ್ಪ ಅವತ್ತೇ ಶಿಸ್ತಿನ ಪುಸ್ತಕದಲ್ಲಿ ಅವನ ಹೆಸರು ಬರೆದರು. ನಾಲ್ಕು ತಿಂಗಳು ಕರ್ತನ ಭೋಜನದ ರೊಟ್ಟಿ-ದ್ರಾಕ್ಷಾರಸವಿಲ್ಲ, ಹಿಂದಿನ ಬೆಂಚು. ಆಮೇಲೆ, ಅಂದರೆ ಈ ಭಾನುವಾರ, ಎಲ್ಲರೆದುರು ರೊಟ್ಟಿ, ಪಾತ್ರೆ ಎರಡನ್ನೂ ತೆಗೆದುಕೊಳ್ಳಬೇಕು. ಅಲ್ಲಿಯವರೆಗೆ ಆ ಮನೆಯ ಮದುವೆಯ ಪ್ರಕಟಣೆಯನ್ನು ಸಭೆಯಲ್ಲಿ ಓದುವಂತಿಲ್ಲ. ಲಕ್ಕಣ್ಣನ ಮಗಳು ಕರುಣಾವತಿಯ ಮದುವೆ ತರೀಕೆರೆಯ ಹುಡುಗನೊಂದಿಗೆ ಮೇ ಕೊನೆಗೆ ಗೊತ್ತಾಗಿತ್ತು. ಮೂರು ಭಾನುವಾರ ಪ್ರಕಟಣೆ ಓದದೆ ಮದುವೆಯಿಲ್ಲ.

ಆರಾಧನೆ ಮುಗಿದ ಮೇಲೆ ಬಾಗಿಲಾಚೆ ಹೊಂಗೆ ಮರದ ಕೆಳಗೆ ಲಕ್ಕಣ್ಣನ ಹೆಂಡತಿ ಈರಕ್ಕನ ದನಿ ಕೇಳಿಸಿತು. "ಬಾಯ್ಗೆ ಮುಟ್ಸೋಕೇನಾಗಿತ್ತು ನಿಂಗೆ? ಮಗಳ ಮದ್ವೆ ಕಣಯ್ಯಾ!" ಕರುಣಾವತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಂತಿದ್ದಳು.

ಸಮಾಧಾನಪ್ಪ ಪುಸ್ತಕ ತೆಗೆದು, 'ಪಾತ್ರೆ ನಿರಾಕರಿಸಿದ್ದಾನೆ, ಇನ್ನಾರು ತಿಂಗಳು' ಎಂದು ಬರೆದರು. ಬರೆಯುವಾಗ ಸಂತೋಷವೇನೂ ಆಗಲಿಲ್ಲ. ಒಂದು ಚಿಟಿಕೆ ನಸ್ಯ ಏರಿಸಿದರು. ಆಮೇಲೆ ಉಳಿದ ದ್ರಾಕ್ಷಾರಸದ ಕಡೆ ತಿರುಗಿದರು. ಅಂಗಡಿಯ ವೈನು ದೇವಾಲಯದ ಹೊಸಿಲು ದಾಟಕೂಡದೆಂದು ಅವರೇ ಕಪ್ಪು ಒಣದ್ರಾಕ್ಷಿ ಕುದಿಸಿ, ಮಲ್ ಬಟ್ಟೆಯಲ್ಲಿ ಸೋಸಿ, ಜಾಡಿಯಲ್ಲಿ ಇಡುತ್ತಿದ್ದರು. ಈ ಸಲದ್ದು ಏಪ್ರಿಲ್ ಮೊದಲ ವಾರಕ್ಕೆಂದು ಮಾಡಿದ್ದು. ತರೀಕೆರೆಯಿಂದ ತಿಂಗಳಿಗೊಮ್ಮೆ ಬರುವ ಅಯ್ಯನವರು ಕಾಮಾಲೆಯಿಂದ ಮಲಗಿ ಮೂರು ವಾರ ತಡವಾಯಿತು. ದೇವರ ಮೇಜಿಗೆಂದು ಎತ್ತಿಟ್ಟದ್ದನ್ನು ಚೆಲ್ಲಬಾರದು, ಮಿಕ್ಕದ್ದನ್ನು ಹಿರಿಯನೇ ಕುಡಿದು ಮುಗಿಸಬೇಕು. ಅದೂ ಅವರದೇ ನಿಯಮ. ಎರಡು ಲೋಟ ಮಿಕ್ಕಿತ್ತು. ಉಪವಾಸದ ಹೊಟ್ಟೆಗೆ ಗಟಗಟ ಇಳಿಸಿದರು. ಸ್ವಲ್ಪ ಹುಳಿ ಅನ್ನಿಸಿತು, ಅಷ್ಟೇ.

ಸುಡುಬಿಸಿಲಲ್ಲಿ ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ರಸ್ತೆ ಮೆತ್ತಗಾಯಿತು. ಕೊಬ್ಬರಿ ಮಂಡಿಯ ಮಲ್ಲಿಕಾರ್ಜುನಪ್ಪ ಜಗುಲಿಯಿಂದ ಕೂಗಿದರು: "ಏನ್ ಸಮಾಧಾನಪ್ನೋರೇ, ಇವತ್ತು ರಸ್ತೆ ಅಗಲ ಸಾಲ್ತಿಲ್ವಾ?"

"ಬಿಸ್ಲು ಕಣ್ರೀ, ಬಿಸ್ಲು!"

ಮನೆಯಲ್ಲಿ ಹೆಂಡತಿ ಜೀವರತ್ನಮ್ಮ ಊಟಕ್ಕೆ ತಟ್ಟೆ ಇಡಲು ಬಗ್ಗಿದವಳು ಹಾಗೆಯೇ ನಿಂತಳು.

"ಕುಡ್ದು ಬಂದಿದೀರಾ?"

"ಏನಂದೆ? ದೇವರ ಮೇಜಿಂದ ಬರ್ತಿದೀನಿ ಕಣೇ!"

ಅವಳು ಚೀಲದಿಂದ ಜಾಡಿ ತೆಗೆದು, ಮುಚ್ಚಳ ಬಿಚ್ಚಿ, ಮೂಗು ಹಿಂದಕ್ಕೆಳೆದುಕೊಂಡಳು. "ನಸ್ಯ ತುಂಬ್ಕೊಂಡಿರೋ ಆ ಮೂಗಿಗೆ ಏನ್ ಗೊತ್ತಾಗತ್ತೆ? ಹೆಂಡ ಆಗಿ ಕೂತಿದೆ ಇದು. ಊರಿಗೆಲ್ಲಾ ಬಡಿಸಿ ಬಂದಿದೀರಲ್ಲ!" ಗದರಲು ಹೊರಟವಳಿಗೆ ನಗು ಬಂದುಬಿಟ್ಟಿತು. ಸೆರಗು ಬಾಯಿಗಿಟ್ಟುಕೊಂಡು ಅಡಿಗೆಮನೆಗೆ ಹೋದಳು.

ಸಮಾಧಾನಪ್ಪ ನಗಲಿಲ್ಲ. ಗೋಡೆಗೊರಗಿ ಕೂತರು. ಲಕ್ಕಣ್ಣನ ಅರಳಿದ ಆ ಹೊಳ್ಳೆ ಕಣ್ಣ ಮುಂದೆ ಬಂತು. ಇಡೀ ಸಭೆಯಲ್ಲಿ ಆ ವಾಸನೆಯನ್ನು ಗುರುತು ಹಿಡಿಯಬಲ್ಲವನು ಅವನೊಬ್ಬನೇ. ಹಿಡಿದಿದ್ದ. ಮಗಳ ಮದುವೆ ಕೈತಪ್ಪುತ್ತಿದ್ದರೂ ಬಾಯಿ ಬಿಟ್ಟಿರಲಿಲ್ಲ.

ನಾಲ್ಕೂವರೆಯ ಪ್ಯಾಸೆಂಜರ್ ಹತ್ತಿ ಅವರು ಶಿವನಿಯಲ್ಲಿ ಇಳಿದರು. ಗ್ಯಾಂಗ್ ಕ್ವಾರ್ಟರ್ಸ್ ಮುಂದೆ ಲಕ್ಕಣ್ಣ ಮೇಕೆಗೆ ಹಲಸಿನ ಸೊಪ್ಪು ಕಟ್ಟುತ್ತಿದ್ದ. ಹಿರಿಯರ ಕಂಕುಳಲ್ಲಿ ಪುಸ್ತಕ ಕಂಡು ಈರಕ್ಕ ಒಳಗೆ ಸರಿದಳು.

"ಯಾಕೋ ಹೇಳ್ಲಿಲ್ಲ?" ಸಮಾಧಾನಪ್ಪ ನಿಂತಲ್ಲೇ ಕೇಳಿದರು.

ಲಕ್ಕಣ್ಣ ಅವರ ಮುಖ ನೋಡಿದ. "ಕುಡಿದ್ಬಿಟ್ರಾ ಮಿಕ್ಕಿದ್ದನ್ನ?"

"ಎರಡು ಲೋಟ."

"ಅಯ್ಯೋ ಶಿವ್ನೇ!" ಎಂದುಬಿಟ್ಟ, ತಕ್ಷಣ ನಾಲಿಗೆ ಕಚ್ಚಿಕೊಂಡ. "ತಲೆ ನೋಯ್ತಿರ್ಬೇಕು. ಕೂತ್ಕಳಿ, ಮಜ್ಗೆ ತರುಸ್ತೀನಿ."

"ಮಜ್ಜಿಗೆ ಇರ್ಲಿ. ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಸುಮ್ನಿರ್ತಿದ್ರಾ? ಆ ಪುಸ್ತಕ ತಗ್ದು ನಿಮ್ ಹೆಸ್ರು ನೀವೇ ಬರ್ಕೊತಿದ್ರಿ." ಲಕ್ಕಣ್ಣ ಸೊಪ್ಪಿನ ಗಂಟು ಬಿಗಿದ. "ಹಿಂದ್ಗಡೆ ಬೆಂಚಲ್ಲಿ ಕೂತು ಎಲ್ರ ಬೆನ್ ನೋಡೋದು ಹೆಂಗಿರ್ತದೆ ಅಂತ ನಂಗೊತ್ತು ಕಣ್ರೀ. ನಿಮ್ಗ್ಯಾಕೆ ಈ ವಯಸ್ನಲ್ಲಿ?"

"ಕುಡಿದಿದ್ರೂ ಯಾರಿಗೂ ಗೊತ್ತಾಗ್ತಿರ್ಲಿಲ್ಲ."

"ನಂಗೊತ್ತಾಗ್ತಿತ್ತಲ್ಲ. ಒಂದ್ ಗುಟುಕು ಹೋದ್ರೆ ನಾನು ನಿಲ್ಲೋನಲ್ಲ."

ಸಮಾಧಾನಪ್ಪ ಕಲ್ಲಿನ ಮೇಲೆ ಕೂತರು. ಕರುಣಾವತಿ ತಂದ ಮಜ್ಜಿಗೆ ಕುಡಿದರು. ಇನ್ನೊಂದು ಲೋಟ ಕೇಳಿದರು. ಒಳಗಿನಿಂದ ಈರಕ್ಕ ನಗುವುದು ಕೇಳಿಸಿತು.

ಮುಂದಿನ ಭಾನುವಾರ ಅಯ್ಯನವರಿರಲಿಲ್ಲ. ಪುಸ್ತಕದ ಆ ಆರು ತಿಂಗಳನ್ನು ಹೊಡೆದುಹಾಕಿ ಬಂದಿದ್ದ ಸಮಾಧಾನಪ್ಪನವರೇ ಆರಾಧನೆ ನಡೆಸಿದರು; ಎದ್ದುನಿಂತು, ಶಿವನಿಯ ಲಕ್ಕಣ್ಣನ ಮಗಳು ಕರುಣಾವತಿಯ ಮದುವೆಯ ಮೊದಲ ಪ್ರಕಟಣೆ ಓದಿದರು. ಆಮೇಲೆ ಜಾಡಿಯ ಸಂಗತಿಯನ್ನು, ಎರಡು ಲೋಟದ ಸಹಿತ, ಒಂದೂ ಬಿಡದೆ ಹೇಳಿದರು. ಯಾರೋ ಕಿಸಕ್ಕೆಂದರು. ಅವರು ಹಾಡಿನ ಪುಸ್ತಕ ಎತ್ತಿಕೊಂಡು ನೇರ ಹಿಂದಿನ ಬೆಂಚಿಗೆ ಹೋಗಿ ಕೂತರು. ಹಾಡು ಶುರುವಾಗುವ ಮೊದಲೇ ಮುಂದಿನ ಬೆಂಚಿಗೆ ಮರಳಿದ್ದ ಲಕ್ಕಣ್ಣ ಎದ್ದು ಬಂದ. "ಸ್ವಲ್ಪ ಸರ್ಕೊಳ್ಳಿ," ಎಂದು ಪಕ್ಕದಲ್ಲಿ ಕೂತ.

ಶಿಸ್ತಿನ ಪುಸ್ತಕದ ಉಳಿದ ಹಾಳೆಗಳು ಟೈಲರ್ ಅಂಗಡಿಗೆ ಹೋದವು. ಮೊದಲ ಖಾಲಿ ಹಾಳೆಯಲ್ಲಿ ಕರುಣಾವತಿಯ ಮದುವೆ ರವಿಕೆಯ ಅಳತೆಯಿದೆ.

ಒಂದು ಮಾತು ಮಾತ್ರ ಬಗೆಹರಿಯಲಿಲ್ಲ. ಅವತ್ತು ಆ ಪಾತ್ರೆಗೆ ಎಲ್ಲರಿಗಿಂತ ಮೊದಲು ತುಟಿ ಹಚ್ಚಿದವರು ಅಯ್ಯನವರು. ಕಾಮಾಲೆಯಿಂದೆದ್ದ ನಾಲಿಗೆಗೆ ರುಚಿ ಹತ್ತಲಿಲ್ಲವೋ, ಹತ್ತಿಯೂ ಸುಮ್ಮನಿದ್ದರೋ. ಸಮಾಧಾನಪ್ಪ ಕೇಳಬೇಕೆಂದುಕೊಂಡೇ ಇದ್ದರು, ಕೇಳಲಿಲ್ಲ. ಅಯ್ಯನವರಿಗೆ ಬೇರೆ ಊರಿಗೆ ವರ್ಗವಾಯಿತು. ಅದು ಇವತ್ತಿಗೂ ಗೊತ್ತಿಲ್ಲ.