ಮುಂದಿನ ವಾರ ಮೀಸೆಯಣ್ಣ

ವನಜಾಳನ್ನು ಕೇಳದೆ ಇದನ್ನು ಹೇಳುತ್ತಿದ್ದೇನೆ. ಕೇಳಿದ್ದರೆ ಬೇಡ ಎನ್ನುತ್ತಿದ್ದಳು. ಅವಳ ಭಯವನ್ನು ನಾಲ್ಕು ಜನರ ಮುಂದೆ ಇಡಲು ನಾನು ಯಾರು? ಓದುವವರು ಕ್ಷಮಿಸಬೇಕು, ಅವಳೂ.

"ಎಂಟಡಿಗೆ ನಾಕಡಿ," ಎಂದು ಮಹದೇವ ಮಳವಳ್ಳಿಯ ಫ್ಲೆಕ್ಸ್ ಬ್ಯಾನರ್ ಅಂಗಡಿಗೆ ನುಗ್ಗಿ, ತನ್ನ ಮೊಬೈಲನ್ನು ವನಜಾಳ ಕೀಬೋರ್ಡಿನ ಪಕ್ಕ ಕುಕ್ಕಿದ. "ಮ್ಯಾಲೆ ನಮ್ ಮೀಸೆಯಣ್ಣ ಕೈ ಮುಗ್ದಿರೋ ಪೋಟೋ. ನಡುವೆ ಇದು. ಕೆಳೀಕೆ ಧಿಕ್ಕಾರ ಅಂತ ಕೆಂಪಗೆ ಬರ್ಬೇಕು. ಸೋಮವಾರ ಪೋಲೀಸ್ ಸ್ಟೇಸನ್ ಮುಂದೆ ಹಿಡ್ಕೊಂಡು ನಿಂತ್ಕತೀವಿ."

ವನಜಾ ಮೊಬೈಲಿನತ್ತ ಬಗ್ಗಿದಳು. ಹತ್ತಾರು ಗುಂಪು ದಾಟಿ ಬಂದ ಚಿತ್ರ, ಅಂಚುಗಳೆಲ್ಲ ಮಸುಕು. ಮೇಲೆ 'ವಾರದ ಪುಟ' ಎಂಬ ಹೆಸರು. ಕೆಳಗೆ ಒಂದೇ ಸಾಲು: "ಮುಂದಿನ ವಾರ ಮೀಸೆಯಣ್ಣ ಸಾಯಲೇಬೇಕು." ಅಲ್ಲಿಂದ ಮುಂದಕ್ಕೆ ಯಾರೋ ಕತ್ತರಿಸಿದ್ದರು.

ಆ ಸಾಲು ಬರೆದವಳು ಅವಳೇ. ಕಳೆದ ಸೋಮವಾರ, ಹಲಗೂರಿನಿಂದ ಮಳವಳ್ಳಿಗೆ ಬರುವ ಬಸ್ಸಿನಲ್ಲಿ, ಕಿಟಕಿಯ ಪಕ್ಕ ಕೂತು.

ಮಂಡ್ಯದ ಸಂಜೆ ಕಾಲೇಜಿಗೆ ಹೋಗುತ್ತಿದ್ದ ದಿನಗಳಲ್ಲಿ ಬಸ್ಸಿಗೆ ಕಾಯುವ ಹೊತ್ತು ಕಳೆಯಲು ಹಿಡಿದ ಅಭ್ಯಾಸ ಅದು. ಜಪಾನಿನಲ್ಲಿ ವಾರಕ್ಕೊಂದು ಅಧ್ಯಾಯದಂತೆ ಬರುವ ಚಿತ್ರಕಥೆಗಳು ಇಂಗ್ಲಿಷಿನಲ್ಲಿ ಮೊಬೈಲಿಗೆ ಸಿಗುತ್ತಿದ್ದವು. ಮಂಗಾ ಎನ್ನುತ್ತಾರೆ. ಗೊತ್ತಾಗದ ಪದಗಳನ್ನು ನಿಘಂಟಿನಲ್ಲಿ ಹುಡುಕಿಕೊಂಡು ಓದುತ್ತಿದ್ದಳು. ಭಾನುವಾರ ಅಧ್ಯಾಯ, ಸೋಮವಾರ ಅದರ ಬಗ್ಗೆ ಕನ್ನಡದಲ್ಲಿ ಎಂಟು ಹತ್ತು ಸಾಲು. ಚೆನ್ನಾಗಿದೆ, ಚೆನ್ನಾಗಿಲ್ಲ, ಈ ಸಲ ಸಮುದ್ರದ ಚಿತ್ರ ಅವಸರದಲ್ಲಿ ಬರೆದ ಹಾಗಿದೆ, ಇಷ್ಟೇ. ಹೆಸರು ಹಾಕದೆ ನಡೆಸುವ ಆ 'ವಾರದ ಪುಟ'ವನ್ನು ನಾನೂರು ಜನ ಓದುತ್ತಿದ್ದರು. ಜಪಾನಿನ ಹೆಸರುಗಳು ನಾಲಿಗೆಗೆ ತೊಡರುತ್ತವೆಂದು ಪಾತ್ರಗಳಿಗೆ ತಾನೇ ಹೆಸರಿಟ್ಟಿದ್ದಳು. ಬಂದರಿನ ಊರನ್ನು ಮೂವತ್ತು ವರ್ಷ ಹಿಡಿತದಲ್ಲಿಟ್ಟುಕೊಂಡ, ಬಿಳಿ ಮೀಸೆಯ ಮುದುಕ ಸೇನಾಪತಿ ಅವಳ ಪುಟದಲ್ಲಿ ಮೀಸೆಯಣ್ಣನಾಗಿದ್ದ.

ಮಳವಳ್ಳಿ ಸೀಮೆಗೆ ಮೀಸೆಯಣ್ಣ ಎಂದರೆ ಒಬ್ಬರೇ, ಅಲ್ಲಿಯ ಹಳೆಯ ರಾಜಕಾರಣಿ. ಪ್ರತಿ ವರ್ಷ ಅವರ ಹುಟ್ಟುಹಬ್ಬದ ಫ್ಲೆಕ್ಸು ವಿನ್ಯಾಸ ಮಾಡುವವಳೂ ವನಜಾಳೇ. ಆ ಮೀಸೆಯ ಎಡಗಡೆಯ ನರೆಯನ್ನು ಕಂಪ್ಯೂಟರಿನಲ್ಲಿ ಕಪ್ಪು ಮಾಡುವುದು ಅವಳಿಗೆ ಕರಗತ. ಅವರು ಹೃದಯದ ತೊಂದರೆಯಿಂದ ಮೈಸೂರಿನ ಆಸ್ಪತ್ರೆ ಸೇರಿದ್ದು ಅವಳು ಆ ಸಾಲು ಬರೆದ ಮರುದಿನ, ಮಂಗಳವಾರ. ಆಪರೇಷನ್ನು ಮುಂದಿನ ಬುಧವಾರ.

"ಪೋಟೋ ದೊಡ್ಡದ್ ಮಾಡುದ್ರೆ ಒಡೆದೋಯ್ತದೆ ಕಣ್ಲಾ," ಎಂದ ಅಂಗಡಿ ಮಾಲೀಕ ಜಯಪ್ರಕಾಶ್, ಮಹದೇವನ ಓರಗೆಯವನು. "ಅಕ್ಸರನ ವನಜಾ ಹೊಸ್ದಾಗಿ ಟೈಪ್ ಮಾಡ್ತಾಳೆ ಬುಡು. ಸಿವರಾಮಣ್ಣ, ಕೂತ್ಕಳಿ."

ಮಹದೇವನ ಜೊತೆ ಬಂದಿದ್ದ ಶಿವರಾಮು ಸ್ಟೂಲಿನ ಮೇಲೆ ಕೂತರು. ಶಿವನಸಮುದ್ರದ ವಿದ್ಯುತ್ ಕೇಂದ್ರದಲ್ಲಿ ಲೈನ್‌ಮನ್ ಆಗಿ ನಿವೃತ್ತರಾದವರು. ಮೀಸೆಯಣ್ಣನ ಹಳೆಯ ಸ್ನೇಹಿತರು. ಮಾತು ಕಡಿಮೆ. ಕನ್ನಡಕ ಒರೆಸಿ ಒರೆಸಿ ಹಾಕಿಕೊಳ್ಳುತ್ತಿದ್ದರು.

"ಇದ್ಯಾವನ್ ಬರ್ದಿರದು ಅಂತ ಗೊತ್ತಾಯ್ತಾ?" ಜಯಪ್ರಕಾಶ್ ಕೇಳಿದ.

"ಗೊತ್ತಾಯ್ತದೆ, ಎಲ್ಲೋಯ್ತಾನೆ. ಮನುಸ್ಯ ಆಸ್ಪತ್ರೇಲಿ ಮಲ್ಗವ್ನೆ, ಇವ್ನು ಟೈಮ್ ಕೊಟ್ಟವ್ನೆ ನೋಡು, ಮುಂದಿನ್ ವಾರ ಅಂತ. ಆಪ್ರೇಸನ್ ದಿನ ಇವ್ನಿಗೆ ಎಂಗ್ ಗೊತ್ತಾಯ್ತು? ನಮ್ಮೋರೆ ಯಾರೋ." ಮಹದೇವ ಮೇಜಿಗೆ ಬಡಿದ. "ಒಬ್ಬ ಕಾಮೆಂಟ್ ಆಕವ್ನೆ, ಇದು ಜಪಾನ್ ಕತೆ, ಮಂಗಾ ಅಂತ. ಜಪಾನ್ನಾಗೆ ಮೀಸೆಯಣ್ಣ ಅಂತ ಹೆಸ್ರು ಮಡಗ್ತರೇನ್ಲಾ?"

ಜಯಪ್ರಕಾಶ್ ಜೋರಾಗಿ ನಕ್ಕ. "ಮಂಗನ್ ಕತೆಯಾ? ನಮ್ ವನಜಾನೂ ಅಂಥದ್ದೇ ಏನೋ ಓದ್ತಿರ್ತಾಳೆ, ಊಟದ್ ಹೊತ್ನಾಗೆ. ಏನಮ್ಮ?"

ವನಜಾ ಮೌಸನ್ನು ಸುಮ್ಮನೆ ಅತ್ತಿತ್ತ ಸರಿಸಿದಳು. ಮೂವರೂ ತನ್ನ ಬೆನ್ನನ್ನೇ ನೋಡುತ್ತಿದ್ದಾರೆ ಎಂದು ಅವಳಿಗೆ ಅನ್ನಿಸಿತು.

"ಅದು ಬ್ಯಾರೆ ಅಣ್ಣ. ಮಕ್ಳ ಚಿತ್ರ," ಎಂದಳು. ದನಿ ಸರಿಯಾಗಿಯೇ ಬಂತು ಎಂದುಕೊಂಡಳು. ಬರಲಿಲ್ಲವೇನೋ ಎಂದೂ ಅನ್ನಿಸಿತು.

"ಮಕ್ಳ್ ಚಿತ್ರ ಓದೋ ವಯಸ್ಸಾ ನಿಂದು," ಎಂದು ಮಹದೇವ ನಗುವಾಗಲೇ ಅವನ ಮೊಬೈಲು ಹೊಡೆದುಕೊಂಡಿತು. ಅದನ್ನು ಕಿತ್ತುಕೊಂಡು ಬೀದಿಗಿಳಿದ. "ಅಣ್ಣ, ಇಲ್ಲೇ ಫ್ಲೆಕ್ಸ್ ತಾವ ಇದೀನಿ..." ಜಯಪ್ರಕಾಶ್ ಮುದ್ರಣ ಯಂತ್ರಕ್ಕೆ ಫ್ಲೆಕ್ಸಿನ ಸುರುಳಿ ಏರಿಸಲು ಒಳಗೆ ಹೋದ.

ವನಜಾ ಟೈಪು ಮಾಡತೊಡಗಿದಳು. ಮನಸ್ಸು ಅಕ್ಷರಗಳ ಮೇಲೆ ಇರಲಿಲ್ಲ. ನಾಲ್ಕು ತಿಂಗಳ ಹಿಂದಿನ ಒಂದು ಕಾಮೆಂಟಿನ ಮೇಲಿತ್ತು. ಯಾರೋ ಒಬ್ಬರು, "ಇವನು ನಮ್ಮೂರ ಮೀಸೆಯಣ್ಣನಾ?" ಎಂದು ಕೇಳಿದ್ದರು. ಅವಳು ನಗುವ ಮುಖ ಹಾಕಿ, "ಕುರ್ಚಿ ಬಿಡಲು ಇಬ್ಬರಿಗೂ ಮನಸ್ಸಿಲ್ಲ" ಎಂದು ಬರೆದಿದ್ದಳು. ಬಸ್ಸಿನಲ್ಲಿ, ಇಳಿಯುವ ಅವಸರದಲ್ಲಿ ಬರೆದ ಮಾತು. ಇವರು ನೋಡಿರುವುದು ಕತ್ತರಿಸಿದ ಚಿತ್ರವನ್ನಷ್ಟೇ, ಪುಟವನ್ನು ಇನ್ನೂ ತೆರೆದು ನೋಡಿಲ್ಲ. ಈಗ ಅಳಿಸಿದರೆ ಅಳಿಸಿದ್ದು ಯಾಕೆ ಎನ್ನುತ್ತಾರೆ. ಅಳಿಸದಿದ್ದರೆ ಇಂದೋ ನಾಳೆಯೋ ಅಲ್ಲಿಗೆ ತಲುಪುತ್ತಾರೆ. ಅದೂ ಇರಲಿ, ಕಥೆಯ ಆ ಮುದುಕನಿಗೆ ಹೆಸರಿಡುವಾಗ ಊರಿನ ಮೀಸೆಯಣ್ಣನ ಮುಖ ತನ್ನ ಮನಸ್ಸಿನಲ್ಲಿ ಇರಲಿಲ್ಲವೆ? ದೇವರ ಮುಂದೆ ನಿಲ್ಲಿಸಿ ಕೇಳಿದರೆ ಇರಲಿಲ್ಲ ಎಂದು ಹೇಳಬಲ್ಲಳೆ? ಮೀಸೆ ಎಂದ ಕೂಡಲೇ ಅವಳ ಕಣ್ಣಿಗೆ ಬರುವುದು ಅವಳೇ ಕಪ್ಪು ಬಳಿದ ಆ ಒಂದು ಮೀಸೆ.

"ಅವ್ವ."

ಶಿವರಾಮು ಸ್ಟೂಲು ಎಳೆದುಕೊಂಡು ಹತ್ತಿರ ಬಂದಿದ್ದರು. ತೋರುಬೆರಳು ಪರದೆಯ ಮೇಲಿತ್ತು. ಅವರು ಒಂದೊಂದೇ ಪದ ಬಿಡಿಸಿ ಓದಿದರು.

"ಮುಂದಿನ... ವಾರ... ಮೀಸೆಯಣ್ಣ... ಸಾಯಲೇಬೇಕು. ಇಲ್ಲದಿದ್ದರೆ... ಕಥೆ... ಎಳೆದಂತಾಗುತ್ತದೆ."

ವನಜಾ ಪರದೆಯನ್ನು ನೋಡಿದಳು. ಎರಡನೆಯ ವಾಕ್ಯವೂ ಅಲ್ಲಿತ್ತು. ಯಾರೋ ಕತ್ತರಿಸಿ ತೆಗೆದಿದ್ದ ವಾಕ್ಯ. ಅವಳ ಬೆರಳಿಗೆ ಅದು ಗೊತ್ತಿತ್ತು. ಬೆರಳೇ ಬರೆದು ಮುಗಿಸಿತ್ತು.

"ಮಾದೇವನ್ ಪೋನಾಗೆ ಈ ಕಡೇ ಮಾತು ಇರ್ನಿಲ್ವಲ್ಲವ್ವ," ಎಂದರು ಶಿವರಾಮು.

ಬೀದಿಯಲ್ಲಿ ಮಹದೇವನ ದನಿ ಏರುತ್ತಿತ್ತು. "ಬುಡಾಕಿಲ್ಲ ಅಣ್ಣ, ಮನೆ ಮುಂದೆ ಎಳ್ಕೊಂಬಂದು ನಿಲ್ಲಿಸ್ತೀನಿ." ಹಲಗೂರಿನ ಮನೆಯಲ್ಲಿ ಈ ಹೊತ್ತಿಗೆ ಅವಳ ತಾಯಿ ಚಿಕ್ಕನಂಜಮ್ಮ ಜಗುಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿರುತ್ತಾರೆ. ಗುಂಪೊಂದು ಬಂದು ನಿಂತರೆ ಮೊದಲು ಕಾಣುವುದು ಆ ಮುಖವೇ.

"ಬ್ಯಾರೆ... ಬ್ಯಾರೆ ಯಾರೋ ಕಳ್ಸಿದ್ರು. ಅದ್ರಲ್ಲಿತ್ತು," ಎಂದಳು.

ಶಿವರಾಮು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. "ಲೈನೇ ಎಳೀದಿರೋ ಮನೇಲಿ ಬಲ್ಬು ಅತ್ಕೊಂಡಂಗಾಯ್ತು," ಎಂದರು. ನಗಲಿಲ್ಲ. "ಎಳೆದಂತಾಗುತ್ತದೆ ಅಂದ್ರೇನು?"

"ಕತೆ... ಸುಮ್ನೆ ಉದ್ದ ಆಗೋಯ್ತದೆ ಅಂತ."

"ಅಂಗಾರೆ ಇದು ಕತೇನೇಯಾ?"

ಆ ಸಾಲು ಉಳಿದರೆ ಕತ್ತರಿಸಿದವರ ಸುಳ್ಳು ಬಯಲಾಗುತ್ತದೆ. ಆದರೆ ಅದು ಎಲ್ಲಿಂದ ಬಂತೆಂದು ಮಹದೇವ ಕೇಳುತ್ತಾನೆ, ಮತ್ತು ಅವನಿಗೆ ಶಿವರಾಮು ಅವರಂತೆ ಬಲ್ಬಿನ ಮಾತು ಹೇಳಿ ಸುಮ್ಮನಾಗುವ ಸ್ವಭಾವವಿಲ್ಲ. ಅಳಿಸಿದರೆ, ತಾನು ಬರೆಯದ ಅರ್ಥವನ್ನು ತಾನೇ ಎಂಟಡಿ ಉದ್ದಕ್ಕೆ ಅಚ್ಚು ಹಾಕಿ ಕೊಟ್ಟ ಹಾಗೆ. ವನಜಾ ಶಿವರಾಮು ಅವರ ಮುಖ ನೋಡಿದಳು. ಅವರು ಪರದೆಯನ್ನೇ ನೋಡುತ್ತಿದ್ದರು. ಹೊರಗೆ ಮಹದೇವನ ಮಾತು ಮುಗಿಯಿತು. ಚಪ್ಪಲಿಯ ಸದ್ದು ಮೆಟ್ಟಿಲು ಹತ್ತಿತು.

ಅವಳು ಅಳಿಸಿದಳು. ಎಳೆದಂತಾಗುತ್ತದೆ, ಕಥೆ, ಇಲ್ಲದಿದ್ದರೆ. ಹಿಂದುಹಿಂದಕ್ಕೆ.

"ಆಯ್ತಾ?" ಮಹದೇವ ಅವಳ ಭುಜದ ಹಿಂದೆ ನಿಂತು ಓದಿದ. "ಸಾಯಲೇಬೇಕು ಅನ್ನದ್ನ ಇನ್ನೂ ದಪ್ಪ ಮಾಡು. ದೂರಕ್ಕೆ ಕಾಣ್ಬೇಕು."

ಮಾಡಿದಳು. ಶಿವರಾಮು ಸ್ಟೂಲನ್ನು ಹಿಂದಕ್ಕೆ ಎಳೆದುಕೊಂಡರು.

ಮರುದಿನ, ಶನಿವಾರ ಮಧ್ಯಾಹ್ನ ಫ್ಲೆಕ್ಸು ಒಯ್ಯಲು ಬಂದವರು ಶಿವರಾಮು ಒಬ್ಬರೇ. ಜಯಪ್ರಕಾಶ್ ಊಟಕ್ಕೆ ಹೋಗಿದ್ದ. ರಾತ್ರಿಯೆಲ್ಲ ನಿದ್ದೆಯಿಲ್ಲದೆ ವನಜಾಳ ಕಣ್ಣು ಉರಿಯುತ್ತಿತ್ತು. ಪುಟವನ್ನು ಹನ್ನೆರಡು ಸಲ ತೆರೆದು ಹನ್ನೆರಡು ಸಲ ಮುಚ್ಚಿದ್ದಳು. ಆ ಕಾಮೆಂಟು ಇನ್ನೂ ಅಲ್ಲೇ ಇತ್ತು.

ಇಬ್ಬರೂ ನೆಲದ ಮೇಲೆ ಫ್ಲೆಕ್ಸು ಹಾಸಿ ನೋಡಿದರು. ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಮೇಲೆ ಕೈ ಮುಗಿದ ಮೀಸೆಯಣ್ಣ, ಎಡಗಡೆಯ ಮೀಸೆ ಕಪ್ಪಗೆ. ಶಿವರಾಮು ಮಂಡಿಯೂರಿ ಆ ಮುಖದ ಮೇಲಿದ್ದ ದಾರದ ಎಳೆಯೊಂದನ್ನು ತೆಗೆದರು.

"ನರೆ ಕಾಣ್ದಂಗ್ ಮಾಡಿದೀಯ," ಎಂದರು.

"ಪ್ರತಿ ವರ್ಸಾನೂ ಅಂಗೇ ಕೇಳೋರು, ಅಣ್ಣ."

"ಊಂ." ಅವರು ಒಂದು ತುದಿಯಿಂದ ಸುತ್ತತೊಡಗಿದರು. ಅವಳು ಇನ್ನೊಂದು ತುದಿ ಹಿಡಿದು ಬಂದಳು. ಅರ್ಧ ಸುತ್ತಿದಾಗ ಇಬ್ಬರೂ ಎದುರುಬದುರಾದರು. ಅವರು ಕೈ ನಿಲ್ಲಿಸಿ, ತಲೆಯೆತ್ತದೆ ಕೇಳಿದರು:

"ಮುಂದಿನ್ ವಾರ ಏನಾಯ್ತದಂತವ್ವ?"

ವನಜಾ ಫ್ಲೆಕ್ಸಿನ ಅಂಚನ್ನು ಸರಿಹೊಂದಿಸಿದಳು.

"ಗೊತ್ತಿಲ್ಲ, ಅಣ್ಣ. ಭಾನ್ವಾರದ್ ತಂಕ ನಂಗೂ ಗೊತ್ತಾಗಲ್ಲ," ಎಂದಳು. ಆಮೇಲೆ ತನ್ನ ಮಾತು ತನಗೇ ಕೇಳಿಸಿತು. ಬರೆದವಳು ತಾನೇ ಎಂದು ಒಪ್ಪಿಕೊಂಡ ಹಾಗಾಗಿತ್ತು.

ಶಿವರಾಮು ತಲೆಯಾಡಿಸಿದರು. ಸುರುಳಿಯನ್ನು ಪೂರ್ತಿ ಸುತ್ತಿ, ಅವಳು ಕೊಟ್ಟ ಪ್ಲಾಸ್ಟಿಕ್ ದಾರದಿಂದ ಎರಡು ಕಡೆ ಕಟ್ಟಿ, ಹೆಗಲಿಗೇರಿಸಿಕೊಂಡರು. ಬರಹ ಒಳಗಿತ್ತು, ಹೊರಗೆ ಬರೀ ಬಿಳುಪು. ಮೆಟ್ಟಿಲಿಳಿದು, ಬಸ್ ನಿಲ್ದಾಣದ ಕಡೆಗೆ, ಹಳೆಯ ಕೆಲಸದವರು ಏಣಿ ಹೊತ್ತು ಹೋಗುವ ಹಾಗೆ, ಮುಂದಿನ ತುದಿ ಯಾರಿಗೂ ತಗುಲದಂತೆ ಸ್ವಲ್ಪ ಮೇಲಕ್ಕೆತ್ತಿ ನಡೆದರು.

ಅವರು ಕೇಳಿದ್ದು ಆಸ್ಪತ್ರೆಯ ಮುಂದಿನ ವಾರದ ಬಗ್ಗೆಯೋ, ಕಥೆಯ ಮುಂದಿನ ವಾರದ ಬಗ್ಗೆಯೋ, ನನಗೆ ತಿಳಿಯದು. ವನಜಾಳಿಗೂ ತಿಳಿದಿಲ್ಲ.