ಕೀಲಿಮಣೆ ಮುಟ್ಟದ ಹೆಸ್ಟರ್

ಹೆಸ್ಟರ್ ಕ್ರಾಮರ್ ಜಪ್ಪಯ್ಯ ಎಂದರೂ ಪರರ ಕೀಲಿಮಣೆಯನ್ನು ಮುಟ್ಟುವವಳಲ್ಲ. ಓಹಾಯೋದ ಆ ಪುಟ್ಟ ಕಾಲೇಜಿನಲ್ಲಿ ಓದಿನ ನಡುವೆ ತಟ್ಟೆ ತೊಳೆದು, ಜಿಮ್ಮಿನಲ್ಲಿ ಟವಲು ಹಂಚಿ, ಪುಸ್ತಕ ಜೋಡಿಸಿ ನಾಲ್ಕು ಕಾಸು ಸಂಪಾದಿಸುವ ಮಕ್ಕಳು, ಸಂಬಳದಲ್ಲಿ ಮುರಿದುಕೊಂಡ ಆದಾಯ ತೆರಿಗೆಯನ್ನು ಮರಳಿ ಪಡೆಯಲೆಂದು ಪ್ರತಿ ವಸಂತದಲ್ಲೂ ಗ್ರಂಥಾಲಯದ ನೆಲಮಾಳಿಗೆಗೆ ಇಳಿದು ಬರುತ್ತಾರೆ. ಅವರು ಕಂಪ್ಯೂಟರಿನಲ್ಲಿ ತೆರಿಗೆ ಲೆಕ್ಕದ ನಮೂನೆ ತುಂಬುತ್ತಿದ್ದರೆ, ಪಕ್ಕದಲ್ಲಿ ಕೂತ ಹೆಸ್ಟರ್ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡು, "ಸರಿ, ಮುಂದೆ?" ಎನ್ನುತ್ತಾಳೆ. ಸಂಬಳವಿಲ್ಲದ ಈ ಸೇವೆಯಲ್ಲಿ ಅವಳ ಬೋಧನೆ ಬಹುಪಾಲು ಅಷ್ಟೇ.

ಹಿಂದೆ ಅವಳು ಶಾಲೆಯೊಂದರಲ್ಲಿ ಹುಡುಗಿಯರಿಗೆ ಈಜು ಕಲಿಸುತ್ತಿದ್ದಳು. ಕೊಳದ ಅಂಚಿನಲ್ಲಿ ನಡೆದೂ ನಡೆದೂ ರೂಢಿಯಾದ, ಪಾದವನ್ನು ಪೂರ್ತಿ ಊರಿ ಇಡುವ ನಡಿಗೆ. ಮೊಣಕೈ ಸವೆದ ಹಸಿರು ಕೋಟು. ಪಿಸುಮಾತನ್ನೇ ಅರಿಯದ ಕಂಠ. ಗ್ರಂಥಪಾಲಕರು ಅವಳನ್ನು ನೆಲಮಾಳಿಗೆಗೆ ಸಾಗಹಾಕಿದ್ದು ಆ ಕಂಠದ ದೆಸೆಯಿಂದಲೇ.

ಅವಳದು ಇನ್ನೊಂದು ಹಟವಿದೆ. 'ಬೇರೆ ಯಾರಾದರೂ ತಮ್ಮ ತೆರಿಗೆ ಲೆಕ್ಕದಲ್ಲಿ ನಿಮ್ಮನ್ನು ಅವಲಂಬಿತರೆಂದು ತೋರಿಸಬಹುದೇ?' ಎಂಬ ಪ್ರಶ್ನೆ ಪರದೆಯ ಮೇಲೆ ಬಂದೊಡನೆ ಮನೆಗೆ ಫೋನು ಮಾಡಿಸುತ್ತಾಳೆ. ಮೊದಲ ದುಡಿಮೆಯ ಅಮಲಿನಲ್ಲಿ ಮಕ್ಕಳು 'ಇಲ್ಲ' ಎಂದು ಒತ್ತಿಬಿಡುತ್ತಾರೆ. ಅತ್ತ ಊರಿನಲ್ಲಿ, ರಿಯಾಯಿತಿಗಾಗಿ ಅದೇ ಮಗುವಿನ ಹೆಸರು ತೋರಿಸಿ ತಾಯಿ ಸಲ್ಲಿಸಿದ ಲೆಕ್ಕ ತಿರಸ್ಕೃತವಾಗಿ ವಾಪಸು ಬರುತ್ತದೆ.

ಊಟದ ಮನೆಯಲ್ಲಿ ತಟ್ಟೆ ತೊಳೆಯುವ ಡೆಲೇನಿ ಹಾಗೆಯೇ ಒತ್ತಲು ಹೊರಟಿದ್ದಳು. ನರ್ಸಿಂಗ್ ಬಿಟ್ಟು ಕುಂಬಾರಿಕೆಯ ಓದಿಗೆ ಸೇರಿದ್ದಕ್ಕೆ ಕ್ರಿಸ್‌ಮಸ್ಸಿನಲ್ಲಿ ತಾಯಿಯೊಡನೆ ಜಗಳವಾಗಿ, ಅಂದಿನಿಂದ ಮಾತು ನಿಂತಿತ್ತು. ಮರಳಿ ಬರುವ ಹಣದಲ್ಲಿ ಬೇಸಿಗೆಗೊಂದು ಕೋಣೆ ಹಿಡಿದರೆ ಮನೆಗೆ ಹೋಗುವ ಗೊಡವೆಯೇ ಇರದು ಎಂಬುದು ಅವಳ ಎಣಿಕೆ.

"ನನ್ನ ಅನ್ನ ನಾನೇ ದುಡ್ಕೋತೀನಿ," ಎಂದಳು.

"ಭೇಷ್. ಫೀಸು?"

ಡೆಲೇನಿ ಮೇಜಿನ ಮೇಲಿದ್ದ ಫೋನನ್ನು ಬೋರಲು ಹಾಕಿದಳು.

"ಫೋನ್ ಬಿಲ್ಲು?"

"...ಅಮ್ಮ."

"ಹಾಗಾದ್ರೆ ಅದೇ ಫೋನಲ್ಲಿ ಅಮ್ಮನ್ನೇ ಕೇಳು. ಹೂಂ ಅಂದ್ರೂ ಊಹೂಂ ಅಂದ್ರೂ ನಿಂಗೆ ಬರೋ ದುಡ್ಡು ಅಷ್ಟೇ ಕಣಮ್ಮ, ಒಂದು ಸೆಂಟೂ ಕಮ್ಮಿ ಆಗಲ್ಲ. ಉಸಿರು ಬಿಡು, ಒತ್ತು."

ಫೋನು ಎತ್ತಿದ ತಾಯಿ, "ಏನೇ, ಬದುಕಿದ್ಯಾ?" ಎಂದಳು.

"ಅಮ್ಮಾ, ಟ್ಯಾಕ್ಸಲ್ಲಿ ನನ್ನ ಹೆಸ್ರು ತೋರಿಸ್ತೀಯಾ?"

ಆ ಕಡೆ ಪಾತ್ರೆ ಕೆಳಗಿಟ್ಟ ಸದ್ದು. "ತೋರಿಸ್ದೆ ಇರ್ತೀನಾ? ನೀನೇನು ಪಕ್ಕದ್ಮನೆಯವ್ರ ಮಗಳಾ?" ಅದರ ಬೆನ್ನಿಗೇ, "ಬೇಸಿಗೇಲಿ ಬರ್ತೀಯೋ, ಇಲ್ಲ ನಿನ್ನ ರೂಮಲ್ಲಿ ಹೊಲಿಗೆ ಮಿಷನ್ ಇಟ್ಕೊಳ್ಲೋ?"

"ಮುಟ್ಬೇಡ ಅದನ್ನ! ...ಬರ್ತೀನಿ."

ಡೆಲೇನಿ ಕಣ್ಣೊರೆಸಿಕೊಂಡು 'ಹೌದು' ಎಂದು ಒತ್ತಿದಳು. ಹಣದ ಅಂಕಿ ಇದ್ದಂತೆಯೇ ಇತ್ತು. ಹೆಸ್ಟರ್ ಗೋಡೆಯ ಗಡಿಯಾರವನ್ನು ಅತಿಯಾದ ಆಸಕ್ತಿಯಿಂದ ನೋಡುತ್ತಿದ್ದಳು. ಕೈಗಳು ಇನ್ನೂ ತೊಡೆಯ ಕೆಳಗೇ ಇದ್ದವು. "ಸರಿ, ಮುಂದೆ?" ಎಂದಳು.

ದಡದಲ್ಲಿ ನಿಂತೇ ಈಜು ಕಲಿಸುವ ಮಂದಿಯ ಕುಲವೇ ಹೀಗೆ. ಮುಳುಗುವವರೆಗೂ ಕೈ ನೀಡರು, ಮುಳುಗಲೂ ಬಿಡರು. ಇವರಿಗೆ ಕೃತಜ್ಞತೆ ಹೇಳುವುದೂ ಕಷ್ಟ: ಹೇಳಹೋದರೆ, "ಎಲ್ಲಾ ನೀನೇ ಮಾಡಿದ್ದಲ್ವಾ?" ಎನ್ನುತ್ತಾರೆ, ಮತ್ತು ಅದು ಸುಳ್ಳೂ ಅಲ್ಲ.