ಹಿಂದಿನ ಎಡಗಡೆ

ಹಲ್ಲಿನ ಡಾಕ್ಟರರ ಮನೆಯ ಮೇಲಂತಸ್ತಿನಲ್ಲಿ ನಾವು ಹೋಮ್ ಥಿಯೇಟರ್ ಜೋಡಿಸುತ್ತಿದ್ದೆವು. ನಾವು ಎಂದರೆ ನಾನು ಮತ್ತು ನನ್ನ ಚಿಕ್ಕಪ್ಪ. ಶಾಲೆ ಬಿಟ್ಟು ಬೀದಿ ಅಳೆಯುತ್ತಿದ್ದ ನನ್ನನ್ನು ಕತ್ತಿನ ಪಟ್ಟಿ ಹಿಡಿದು ಎಳೆತಂದು ಈ ಕೆಲಸಕ್ಕೆ ಹಚ್ಚಿದವನು ಅವನೇ. ಅಂಗಡಿಯವರೆಲ್ಲ ಅವನನ್ನು ಕಿವಿಯಣ್ಣ ಎನ್ನುತ್ತಾರೆ. ತಂತಿ ಎಳೆಯುವವರು ಬೀದಿಗೊಬ್ಬರು ಸಿಗುತ್ತಾರೆ. ಆದರೆ ಸೋಫಾದಲ್ಲಿ ಕೂತು, ಇದು ಕೂದಲೆಳೆಯಷ್ಟು ಜಾಸ್ತಿ, ಅದು ಒಂಚೂರು ಕಮ್ಮಿ ಎಂದು ಬರೀ ಕಿವಿಯಿಂದಲೇ ಪ್ರತಿ ಸ್ಪೀಕರನ್ನೂ ಹದಕ್ಕೆ ತರುವವನು ಇವನೊಬ್ಬನೇ. ಡಾಕ್ಟರು ಕರೆಸಿದ್ದೂ ಅದಕ್ಕೇ.

"ದಿನವಿಡೀ ಡ್ರಿಲ್ಲಿನ ಸದ್ದು ಕೇಳಿ ತಲೆ ಕೆಟ್ಟಿರತ್ತೆ," ಎಂದರು ಅವರು. "ಮನೆಗೆ ಬಂದ ಮೇಲಾದ್ರೂ ಒಳ್ಳೇದು ಕೇಳೋಣ ಅಂತ. ನಿಮ್ಮ ಕಿವಿ ನಂಬ್ಕೊಂಡಿದ್ದೀನಿ."

"ನೀವು ಹಲ್ಲು ನೋಡ್ಕೊಳ್ಳಿ ಡಾಕ್ಟ್ರೇ, ಕಿವಿ ನಮಗೆ ಬಿಡಿ," ಎಂದ ಚಿಕ್ಕಪ್ಪ.

ಡಿಸ್ಕ್ ಪ್ಲೇಯರ್, ಸೆಟ್‌ಟಾಪ್ ಬಾಕ್ಸ್, ಡಾಕ್ಟರರ ಹಳೇ ರೆಕಾರ್ಡ್ ಪ್ಲೇಯರ್, ಎಲ್ಲದರ ಕೇಬಲ್ಲೂ ಪ್ರೊಸೆಸರ್‌ನ ಬೆನ್ನಿಗೆ ಬಂದು ಸೇರಬೇಕು. ಪ್ರೊಸೆಸರ್ ಎಂದರೆ ದೊಡ್ಡ ಮನೆಯ ಹಿರೀಸೊಸೆ ಇದ್ದ ಹಾಗೆ. ಎಲ್ಲರ ಮಾತೂ ಕೇಳಿಸಿಕೊಂಡು, ಯಾರಿಗೆ ಎಷ್ಟು ಬಡಿಸಬೇಕೋ ಅಷ್ಟು ಬಡಿಸುತ್ತಾಳೆ. ಅಲ್ಲಿಂದ ಆಂಪ್ಲಿಫೈಯರ್, ಆಮೇಲೆ ಗೋಡೆಯೊಳಗೆ ಹಾದು ಏಳು ಸ್ಪೀಕರು.

ಬೆಳಿಗ್ಗೆಯಿಂದ ನನಗೆ ಚಿಕ್ಕಪ್ಪನ ಮೇಲೆ ಮೈಯೆಲ್ಲ ಉರಿಯುತ್ತಿತ್ತು. ಗಾಡಿಯಲ್ಲಿ ಮಾತಾಡಿಸಿದರೆ ಓಗೊಡುವುದಿಲ್ಲ. ಸ್ಕ್ರೂಡ್ರೈವರ್ ಕೇಳಿದರೆ ಟೇಪು ಕೊಡುತ್ತಾನೆ. ಹೆಸರು ಬಂದ ಮೇಲೆ ತಲೆ ತಿರುಗಿದೆ, ನನ್ನಂಥವನ ಮಾತು ಈಗ ಲೆಕ್ಕಕ್ಕಿಲ್ಲ ಅಂದುಕೊಂಡಿದ್ದೆ.

ಆಂಪ್ಲಿಫೈಯರ್ ಹಿಂದೆ ಕೊನೆಯ ತಂತಿ ಸಿಕ್ಕಿಸುವಾಗ ಅದರ ತಿರುಪು ಕೈಜಾರಿ ಸ್ಟ್ಯಾಂಡಿನ ಅಡಿಗೆ ಉರುಳಿತು. "ಚಿಕ್ಕಪ್ಪ, ತಡಿ. ಹಿಂದಿನ ಎಡಗಡೇದು ಇನ್ನೂ ಹಾಕಿಲ್ಲ," ಎಂದು ಕೂಗಿ, ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ನೆಲಕ್ಕೆ ಬಗ್ಗಿದೆ. ಅಷ್ಟರಲ್ಲಿ ಅವನು ಪರೀಕ್ಷೆ ಶುರು ಮಾಡಿಬಿಟ್ಟ. ಪ್ರೊಸೆಸರ್ ಒಂದೊಂದೇ ಸ್ಪೀಕರಿಗೆ ಸರದಿಯ ಮೇಲೆ ಸುಯ್ಯನೆ ಸದ್ದು ಕಳಿಸುತ್ತದೆ, ಪರದೆಯ ಮೇಲೆ ಆ ಸ್ಪೀಕರಿನ ಚಿತ್ರ ಬೆಳಗುತ್ತದೆ.

"ಮುಂದಿನ ಎಡಗಡೆ, ಸರಿ ಇದೆ. ನಡುವಿಂದು, ಸರಿ ಇದೆ."

ಸದ್ದು ಕೋಣೆಯನ್ನು ಸುತ್ತಿಕೊಂಡು ಬಂತು. ಆಮೇಲೆ ನಿಂತಿತು.

"ಹಿಂದಿನ ಎಡಗಡೆ," ಎಂದ ಚಿಕ್ಕಪ್ಪ. "ಒಂಚೂರು ಜಾಸ್ತಿ ಬರ್ತಿದೆ. ಕಮ್ಮಿ ಮಾಡ್ತೀನಿ."

ಆ ಸ್ಪೀಕರಿನ ತಂತಿ ನನ್ನ ಕೈಯಲ್ಲಿತ್ತು.

ಡಾಕ್ಟರು ಸೋಫಾದಿಂದ ಎದ್ದು ಹಿಂದಿನ ಗೋಡೆಗೆ ಕಿವಿ ಕೊಟ್ಟರು. "ಇಲ್ಲೇನೂ ಬರ್ತಾನೇ ಇಲ್ವಲ್ಲ," ಎಂದರು, ಗೋಡೆಯ ಕಡೆಗೇ ತಿರುಗಿಕೊಂಡು.

"ಹೌದು ಡಾಕ್ಟ್ರೇ, ಒಳ್ಳೇ ಸ್ಪೀಕರು," ಎಂದ ಚಿಕ್ಕಪ್ಪ.

ಡಾಕ್ಟರು ಮೆಲ್ಲಗೆ ತಿರುಗಿ ನನ್ನನ್ನು ನೋಡಿದರು. ನಕ್ಕಿದ್ದರೆ ಅಲ್ಲೇ ಜಗಳ ತೆಗೆಯುತ್ತಿದ್ದೆ. ಅವರು ನಗಲಿಲ್ಲ. "ಟೀ ಹೇಳಿ ಬರ್ತೀನಿ," ಎಂದು ಕೆಳಗಿಳಿದು ಹೋದರು.

ನಾನು ಚಿಕ್ಕಪ್ಪನ ಎದುರಿಗೆ ಹೋಗಿ ನಿಂತೆ. "ಯಾವಾಗಿಂದ?"

"ಏನು?"

ಬಿಟ್ಟ ತಂತಿಯ ಕಡೆ ಕೈ ತೋರಿಸಿ, ಆಮೇಲೆ ನನ್ನ ಕಿವಿ ಮುಟ್ಟಿದೆ. ಅವನ ಮುಖ ಇಳಿದುಹೋಯಿತು.

"ಹೋದ ಚಳಿಗಾಲದಿಂದ."

"ಮತ್ತೆ ಇಷ್ಟೊಂದು ಮನೆ ಹೆಂಗೆ ಮಾಡ್ದೆ?"

"ನಿನ್ನ ಮುಖ ನೋಡ್ಕೊಂಡು. ಸದ್ದು ತಪ್ಪಿದ್ರೆ ಹುಬ್ಬು ಗಂಟು ಹಾಕ್ತೀಯ. ಯಾವ ಕಡೆ ತಪ್ಪಿದೆಯೋ ಆ ಕಡೆ ತಿರುಗ್ತೀಯ. ಇವತ್ತು ಡಬ್ಬದ ಹಿಂದೆ ಬಗ್ಗಿದ್ದೆ, ಕಾಣಲಿಲ್ಲ."

"ನಾನು ಯಾವಾಗ್ಲೂ ಗಂಟು ಹಾಕ್ಕೊಂಡೇ ಇರ್ತೀನಿ."

"ಅದೇ ಕಷ್ಟ ಆಗಿದ್ದು, ಮೆಣಸಿನಕಾಯಿ." ಮನೆಯಲ್ಲಿ ನನ್ನನ್ನು ಕರೆಯುವುದೇ ಹಾಗೆ.

"ಚಿಕ್ಕಮ್ಮಂಗೆ ಗೊತ್ತಾ?"

"ಬೈದಿದ್ದು ಕೇಳಿಸಲ್ಲ ಅಂತ ಗೊತ್ತಾದ್ರೆ ಎಲ್ಲಾ ಮೊದಲಿಂದ ಬೈತಾಳೆ."

ನನಗೆ ನಗು ಬರಲಿಲ್ಲ. "ಕಿವಿ ಡಾಕ್ಟರ ಹತ್ರ ಹೋಗ್ಬಾರ್ದಾ?"

"ಹೋಗಿದ್ದೆ. ನರ ಹೋಗಿದೆ, ಮಷೀನ್ ಹಾಕ್ಕೋ ಅಂದ. ಕಿವೀಲಿ ಮಷೀನ್ ಇಟ್ಕೊಂಡೋನನ್ನ ಈ ಕೆಲಸಕ್ಕೆ ಯಾರು ಕರೀತಾರೋ?"

ಕೂಗಾಡಬೇಕು ಅನ್ನಿಸಿತು. ಕೂಗಾಡಿದರೆ ಇಡೀ ಮನೆಗೆ ಕೇಳುತ್ತಿತ್ತು, ಕೇಳಬೇಕಾದವನಿಗೆ ಮಾತ್ರ ಅರ್ಧಂಬರ್ಧ. ಹಲ್ಲು ಕಚ್ಚಿಕೊಂಡು ಹೋಗಿ ತಿರುಪು ಹುಡುಕಿ, ತಂತಿ ಸಿಕ್ಕಿಸಿ ಬಂದೆ.

ಡಾಕ್ಟರು ಟೀ ತಟ್ಟೆಯ ಜೊತೆಗೆ, ಹೊರಗಿಟ್ಟಿದ್ದ ಪ್ರೊಸೆಸರ್‌ನ ರಟ್ಟಿನ ಪೆಟ್ಟಿಗೆಯನ್ನೂ ತಂದರು. ಅದರಿಂದ ಒಂದು ಪುಟ್ಟ ಮೈಕ್ ತೆಗೆದು, ಸೂಜಿ ಚುಚ್ಚುವ ಮೊದಲು ರೋಗಿಯನ್ನು ಸಂತೈಸುವ ದನಿಯಲ್ಲಿ, ಚಿಕ್ಕಪ್ಪನ ಮುಖಕ್ಕೆ ಮುಖ ಕೊಟ್ಟು ಹೇಳಿದರು: "ಇದೇ ಕೇಳಿಸ್ಕೊಂಡು ಎಲ್ಲಾ ಹೊಂದಿಸತ್ತಂತೆ. ಒಂದ್ಸಲ ಹಾಕಿ ನೋಡೋಣ್ವಾ?"

ಇಷ್ಟು ವರ್ಷದಲ್ಲಿ ಯಾವ ಮನೆಯಲ್ಲೂ ಚಿಕ್ಕಪ್ಪ ಆ ಮೈಕನ್ನು ಅದರ ಪ್ಲಾಸ್ಟಿಕ್ ಚೀಲದಿಂದ ಹೊರಗೆ ತೆಗೆದವನಲ್ಲ. ನನಗೆ ತಡೆಯಲಾಗಲಿಲ್ಲ.

"ಅದು ಬೇಡ. ನಾನು ಕೇಳಿ ಮಾಡ್ತೀನಿ."

ಚಿಕ್ಕಪ್ಪ ನನ್ನ ತುಟಿಯನ್ನೇ ನೋಡುತ್ತಿದ್ದ. "ಮಾಡ್ತೀಯ. ಮಾಡಿದ್ದು ಸರಿಯೋ ತಪ್ಪೋ ಅಂತ ನಿಂಗೆ ಹೇಳೋರು ಯಾರು?"

ನಾನು ಸೋಫಾದ ದಾರಿ ಬಿಟ್ಟು ಪಕ್ಕಕ್ಕೆ ಸರಿದೆ.

ಅವನು ಡಾಕ್ಟರರ ಕೈಯಿಂದ ಮೈಕ್ ತೆಗೆದುಕೊಂಡ. ಪೆಟ್ಟಿಗೆಯಲ್ಲೇ ಇದ್ದ ಕೋಲನ್ನು ಸೋಫಾದ ಮೇಲೆ ನಿಲ್ಲಿಸಿ, ಕೂತವರ ಕಿವಿಯ ಎತ್ತರಕ್ಕೆ ಸರಿಯಾಗಿ ಮೈಕನ್ನು ಸಿಕ್ಕಿಸಿದ. ಒಂದು ಸಲ ಹಿಂದೆ ಸರಿದು ನೋಡಿ, ಮತ್ತೆ ಹತ್ತಿರ ಹೋಗಿ, ಉಗುರಿನಷ್ಟು ತಿರುಗಿಸಿದ. ಕಿಟಕಿ ಮುಚ್ಚಿದ, ಫ್ಯಾನ್ ಆರಿಸಿದ. "ಸದ್ದು ಮಾಡಬಾರದು. ಎಲ್ಲರೂ ಹೊರಗೆ," ಎಂದು ಗುಂಡಿ ಒತ್ತಿ, ನಮ್ಮ ಹಿಂದೆಯೇ ಬಂದು ಬಾಗಿಲು ಎಳೆದುಕೊಂಡ.

ಒಳಗಿನಿಂದ ಕೂಯ್, ಕೂಯ್ ಎಂದು ಒಂದೊಂದೇ ಸ್ಪೀಕರು ಕೂಗತೊಡಗಿತು. ಮುಂದಿನವು, ಪಕ್ಕದವು, ಕೊನೆಗೆ ಹಿಂದಿನ ಬಲಗಡೆ, ಹಿಂದಿನ ಎಡಗಡೆ. ಚಿಕ್ಕಪ್ಪ ಬಾಗಿಲಿಗೆ ಮುಖ ಮಾಡಿ, ಒಂದು ಬೆರಳನ್ನು ತುಟಿಯ ಮೇಲಿಟ್ಟು, ಇನ್ನೊಂದು ಕೈಯನ್ನು ಹಿಂದಕ್ಕೆ ಚಾಚಿ ನಮ್ಮನ್ನು ತಡೆದು ನಿಂತಿದ್ದ. ಡಾಕ್ಟರು ಬಂದ ಕೆಮ್ಮನ್ನು ನುಂಗಿಕೊಂಡರು.

ಕೂಗು ನಿಂತಿತು. ಮುಗಿಯಿತು ಎಂದು ಪ್ರೊಸೆಸರ್ ಸಣ್ಣಗೆ ಗಂಟೆ ಹೊಡೆದದ್ದೂ ಕೇಳಿತು.

ಚಿಕ್ಕಪ್ಪ ಅಲುಗಲಿಲ್ಲ. ಬೆರಳು ತುಟಿಯ ಮೇಲೇ ಇತ್ತು, ಕೈ ಹಾಗೇ ಚಾಚಿಕೊಂಡಿತ್ತು. ಡಾಕ್ಟರು ಬಾಯಿ ತೆರೆದರು. ನಾನು ಬೇಡವೆಂದು ತಲೆಯಾಡಿಸಿದೆ. ಅವರು ಬಾಯಿ ಮುಚ್ಚಿಕೊಂಡರು, ನಾವು ಮೂವರೂ ಸದ್ದು ಮಾಡದೆ ನಿಂತೆವು.